ಬಾಯಾಗ ಬರಲಾರದ ಪಾಸ್‌ವರ್ಡ್

ಸಿಂಧನೂರಾಗ ಒಂದು ಬೀಜದ ಅಂಗಡಿ ಮ್ಯಾಲಿನ ಖೋಲಿಯೊಳಗ ನಾ ಕಂಪ್ಯೂಟರ್ ಕಲಸ್ತೀನಿ. ದಿನಾ ಒಂದಿಲ್ಲೊಂದು ತಲಿ ಕೆಡಸೋ ಸಂಗತಿ ಆಗೇ ಆಗತೈತಿ. ಆಗಲಿಲ್ಲಾಂದ್ರ ಅವತ್ತು ಕರೆಂಟ್ ಇದ್ದಿರಂಗಿಲ್ಲ, ಅಷ್ಟ.

ಈ ಸಲದ ಬ್ಯಾಚಿಗೆ ತುರ್ವಿಹಾಳದ ಒಬ್ಬಾಕಿ ಅಕ್ಕ ಸೇರಿದ್ಳು. ಅವರ ಮಹಿಳಾ ಸಂಘಕ್ಕ ಹೊಸಾ ಕಂಪ್ಯೂಟರ್ ಬಂದಿತ್ತು. ಲಿಂಗಸುಗೂರಿಂದ ಸಾಹೇಬ್ರು ಬಂದು ಪರೀಕ್ಷಾ ಮಾಡೋರು. ಪಾಸಾದ್ರ ಕಂಪ್ಯೂಟರ್ ಮುಂದಿನ ಕುರ್ಚಿ ಅಕ್ಕಂದು, ಇಲ್ಲಾಂದ್ರ ಬ್ಯಾರೆ ಊರಿಂದ ಯಾರನ್ನರ ಕರಸೋರು.

"ಗದ್ದಿಯೊಳಗ ಬಗ್ಗಿ ನಾಟಿ ಹಚ್ಚಿ ಹಚ್ಚಿ ಸ್ವಂಟ ಬಿದ್ದೈತಿ ಸರ್ರ. ಇನ್ನರ ಕುರ್ಚಿ ಮ್ಯಾಲ ಕುಂತು ದುಡೀಬೇಕು" ಅಂದಿದ್ಳು. ನನಗೂ ಮನಸಿಗೆ ಹತ್ತಿತು. ಹೆಂಗರ ಮಾಡಿ ಪಾಸ್ ಮಾಡಸಬೇಕು ಅಂತ ಕುಂತೆ. ಆದ್ರ ಕಲಿಯಾಕ ಬರೋ ಈ ಮಂದಿ ನನ್ನ ಸುಮ್ನ ಬಿಡಬೇಕಲ್ಲ!

ಬೋಣಿ ಹೊತ್ತು

ಮುಂಜಾನಿ ಬ್ಯಾಚಿಗೆ ಮಸ್ಕಿಯ ಕಿರಾಣಿ ಸಾವ್ಕಾರ್ರು ಬರ್ತಾರ. ಇಂಟರ್ನೆಟ್ಟಿನ್ಯಾಗ ಕಂಪ್ಯೂಟರ್ ಏನರ ಕೇಳಿದ್ರ ಓದಿ ನೋಡ್ರಿ, ಬ್ಯಾಡಾದ್ದಕ್ಕ 'ನೋ' ಒತ್ತರಿ ಅಂತ ಬಾಯಿ ಬಡಕೊಂಡು ಹೇಳಿದ್ದೆ. ಚಾ ಕುಡದು ಬರೂದ್ರಾಗ ಸ್ಕ್ರೀನ್ ತುಂಬ ಇಸ್ಪೀಟಾಟ, ತೂಕ ಇಳಸೋ ಪುಡಿ, ಬೋಳು ತಲಿಗೆ ಎಣ್ಣಿ! ಒಂದು ಮುಚ್ಚಿದ್ರ ನಾಕು ತೆರೀತಾವ.

"ಸಾವ್ಕಾರ್ರ, ಎಲ್ಲಾದಕ್ಕೂ ಎಸ್ ಒತ್ತೀರಲ್ರೀ!"

"ಮುಂಜಾನಿ ಬೋಣಿ ಆಗೂಕಿಂತ ಮೊದ್ಲ ಬಂದ ಗಿರಾಕಿಗೆ ಇಲ್ಲ ಅಂತಾರೇನ್ರೀ?"

"ಅಯ್ಯ ಶಿವನ, ಇಲ್ಲಿ ಗಿರಾಕಿ ನೀವು!" ಅಂತ ಒದರಿದೆ.

ಸಾವ್ಕಾರ್ರು ಕನ್ನಡಕ ಏರಿಸಿ ಸಮಾಧಾನಲೆ ಅಂದ್ರು: "ಮತ್ತ ಆವಾಗಿಂದ ಕೇಳಾಕತ್ತಿದ್ದು ಅದಲ್ರೀ?"

ಅವತ್ತು ಇಡೀ ದಿನ ಆ ಕಂಪ್ಯೂಟರ್ ಸ್ವಚ್ಛ ಮಾಡೂದ ಆತು.

ಕಸದ ಬುಟ್ಟಿ

ಅಕ್ಕನ ಕ್ಲಾಸು ಸಂಜೀಕ. ಅಳಿಸಿದ ಫೈಲ್ ಸೀದಾ ಹೋಗಂಗಿಲ್ಲ, ಕಂಪ್ಯೂಟರಿನ ಕಸದ ಬುಟ್ಟಿಯೊಳಗ ಕುಂತಿರತೈತಿ, ಅದನ್ನ ಖಾಲಿ ಮಾಡಿದ್ರನ ಜಾಗ ಆಗೂದು ಅಂತ ತಿಳಿಸಿ ಹೇಳಿದೆ. "ಈಗ ಖಾಲಿ ಮಾಡ ಅಕ್ಕಾ" ಅಂದೆ. ಅಕ್ಕ ಮೌಸಿನ ಮ್ಯಾಲಿಂದ ಕೈ ತಗದುಬಿಟ್ಳು.

"ದೀಪ ಹಚ್ಚಿದ ಮ್ಯಾಲ ಕಸ ಹೊರಗ ಹಾಕಂಗಿಲ್ರೀ ಸರ್ರ. ಲಕ್ಷ್ಮಿ ಹೋಗ್ತಾಳ."

"ಅದು ಖರೇ ಕಸ ಅಲ್ಲ ಅಕ್ಕಾ!"

"ಖರೇ ಕಸ ಅಲ್ಲಂದ್ರ ಚೆಲ್ಲೂದ್ಯಾಕ?"

ಅವತ್ತಿನ ಕ್ಲಾಸು ಅಲ್ಲಿಗೇ ಮುಗಿಸಿದೆ. ಮರುದಿನ ಕೋಳಿ ಕೂಗೂದ್ರಾಗ ನಮ್ಮ ಮನಿ ಬಾಗಿಲ ಧಡಧಡ ಬಡದ್ರು. ನೋಡಿದ್ರ ಅಕ್ಕ, ಹಿಂದ ಬೈಕ್ ಮ್ಯಾಲ ಆಕಿ ಗಂಡ.

"ಲಗೂ ಬಂದು ಖೋಲಿ ತಗೀರಿ ಸರ್ರ. ಕಸ ಚೆಲ್ಲಿ ಹೋಗ್ತೀನಿ, ಎಮ್ಮಿ ಹಿಂಡೂದೈತಿ."

ಕಣ್ಣ ಒರಸ್ಕೋತ ಹೋಗಿ ತಗದೆ. ಬುಟ್ಟಿ ಖಾಲಿ ಮಾಡಿದಾಕಿ ಹಂಗ ಹೋಗಬೇಕಿಲ್ಲೋ, ಖೋಲಿ ಸುತ್ತ ಒಮ್ಮೆ ಕಣ್ಣಾಡಿಸಿ ಕಸಬರಗಿ ಹುಡುಕಿದ್ಳು. "ಕಂಪ್ಯೂಟರಿನ ಕಸ ಬಿಡ್ರಿ ಸರ್ರ. ಈ ಖೋಲಿ ಕಸಾ ನೋಡಿದ್ರ ಯಾವ ಲಕ್ಷ್ಮಿ ಮೆಟ್ಟಲಾ ಹತ್ತತಾಳ?"

ಪರೀಕ್ಷಾ

ಪಾಸ್‌ವರ್ಡ್ ಅಂದ್ರ ಮನಿ ಕೀಲಿ ಇದ್ದಂಗ, ನಿಮ್ಮ ಬಾಯಿಂದ ಎಂದೂ ಹೊರಗ ಬರಲಾರದಂಥಾದ್ದು ಇಡ್ರಿ ಅಂತ ಹೇಳಿಕೊಟ್ಟಿದ್ದೆ. ಅಕ್ಕ ಭಾಳ ಖುಷೀಲೆ ಇಟ್ಟಿದ್ಳು. "ಸತ್ರೂ ಬಾಯಾಗ ಬರಂಗಿಲ್ಲ ಸರ್ರ" ಅಂದಿದ್ಳು.

ಸಾಹೇಬ್ರು ನಮ್ಮ ಖೋಲಿಗೇ ಬಂದ್ರು. ಪಾಸ್‌ವರ್ಡ್ ಹಾಕಿ ಇಮೇಲ್ ತಗದು ಒಂದು ಪತ್ರ ಕಳಸಬೇಕು, ಇಷ್ಟ ಪರೀಕ್ಷಾ. ಅಕ್ಕ ಗಡಿಬಿಡಿ ಮಾಡಿ ಕೀಲಿ ಒತ್ತಾಕತ್ತಿದ್ಳು. ಟೈಪ್ ಮಾಡಿದ್ಳು, ತಪ್ಪು. ಮತ್ತ ಮಾಡಿದ್ಳು, ತಪ್ಪು. ಸ್ಕ್ರೀನ್ ಮ್ಯಾಲ ಬರೇ ಚುಕ್ಕಿ ಕಾಣೂದ್ರಿಂದ ಎಲ್ಲಿ ತಪ್ಪೈತಿ ತಿಳೀವಲ್ದು. ಇನ್ನೊಮ್ಮೆ ತಪ್ಪಿದ್ರ ಖಾತೆ ಬಂದ್. ಕುರ್ಚಿ ಹೋತು ಅಂತ ನಾ ಓಡಿ ಆಕಿ ಬಾಜು ಬಂದೆ.

"ಅಕ್ಕಾ, ನನಗ ಹೇಳು, ನಾ ಒತ್ತತೀನಿ." ಸಾಹೇಬ್ರೂ ಹೂಂ ಅಂದ್ರು.

ಅಕ್ಕ ಸೆರಗು ಬಾಯಿಗೆ ಹಿಡಕೊಂಡ್ಳು. "ಹೆಂಗ ಹೇಳ್ಲಿ ಸರ್ರ? ಬಾಯಾಗ ಬರಬಾರದು ಅಂತ ನೀವ ಹೇಳೀರಿ."

"ಅಕ್ಕಾ, ನಿನಗ ಕೈ ಮುಗೀತೀನಿ, ಹೇಳವಾ!"

ಅಕ್ಕ ಹೊರಗ ಮೆಟ್ಟಲದಾಗ ಕುಂತಿದ್ದ ಗಂಡನ್ನ ಕರದ್ಳು. "ಏನ್ರೀ, ಇಲ್ಲಿ ಬರ್ರಿ. ನಿಮ್ಮ ಹೆಸರು ಹೇಳ್ರಿ ಸರ್ರಿಗೆ."

ಅಂವ ಟವೆಲ್ ಝಾಡಿಸಿ, ಕೆಳಗ ಬೀಜದ ಅಂಗಡಿಗೂ ಕೇಳೂವಂಗ ಅಂದ: "ಯಂಕಪ್ಪ ರೀ!"

ಒತ್ತಿದೆ. ತೆರೀತು! ಸಾಹೇಬ್ರು ಬಿದ್ದು ಬಿದ್ದು ನಕ್ರು. "ಇಡೀ ಓಣಿಗೆ ಗೊತ್ತಾತು, ಪಾಸ್‌ವರ್ಡ್ ಬದಲಿ ಮಾಡವಾ. ನೀನ ಮಾಡು, ಇದೂ ಪರೀಕ್ಷಾದಾಗ ಬಂತು."

ಅಕ್ಕ ಈ ಸಲ ಗಡಿಬಿಡಿ ಮಾಡಲಿಲ್ಲ. ಹೊಸಾದು ಇಟ್ಳು, ಮುಚ್ಚಿ ಮತ್ತ ತಗದ್ಳು, ಪತ್ರಾನೂ ಕಳಿಸಿದ್ಳು. ಸಾಹೇಬ್ರು "ಪಾಸ್! ಕುರ್ಚಿ ನಿಂದ" ಅಂದ್ರು. ನನ್ನ ಕಣ್ಣಾಗ ನೀರು ಬಂದ್ವು, ಸುಳ್ಳ್ಯಾಕ ಹೇಳ್ಲಿ.

"ಇದನ್ನ ಮರಿಯಂಗಿಲ್ಲಲ್ಲ?" ಅಂದ್ರು ಸಾಹೇಬ್ರು.

"ಹೆಂಗ ಮರೀತೀನ್ರೀ? ಈ ಸಲ ನಮ್ಮ ಮಾವನ ಹೆಸರು ಇಟ್ಟೀನಿ!"

ನಾ ಓಡಿ ಹೋಗಿ ಬಾಯಿ ಮುಚ್ಚೂದ್ರಾಗ ಬಾಗಲದಾಗಿಂದ ಯಂಕಪ್ಪ ಎದಿ ಉಬ್ಬಿಸಿ ಅಂದ: "ನಮ್ಮಪ್ಪ ಅಮರಪ್ಪ ರೀ!"

ಅಕ್ಕ ಕುಂತ ಕುರ್ಚಿ ತಿರುಗಿಸಿ ಗಂಡನ ಕಡೆ ನೋಡಿದ್ಳು. "ಸುಮ್ಕ ಕುಂದರ್ರಿ ಇನ್ನ! ಮತ್ತೊಂದು ಇಡಾಕ ನಮ್ಮ ಮನ್ಯಾಗ ಗಂಡಸ್ರು ಉಳದಿಲ್ಲ!"