ನನ್ನ ಲಾರಿಗೊಂದು ಮರಣ ದಾಖಲೆ ಕೋರಿ

ತಾಲೂಕು ಕಚೇರಿಯಲ್ಲಿ ವಾಹನಗಳ ಮೇಲ್ವಿಚಾರಣೆ ನೋಡುವ ಸಾಹೇಬರ ಸನ್ನಿಧಾನಕ್ಕೆ,

ಮಾನ್ಯರೇ,

ನಾರಾಯಣಖೇಡದ ದಾರಿಯಲ್ಲಿರುವ ಹುಣಸಿಹಾಳದ ರೈತ ಮನ್ಮಥಪ್ಪನು, ಫಸಲಿ ೧೩೫೦ನೆಯ ಇಸವಿ ಬಹಮನ್ ತಿಂಗಳಲ್ಲಿ, ಹಣೆಗೆ ವಿಭೂತಿ ಹಚ್ಚಿಕೊಂಡು, ರುಮಾಲು ಸರಿಪಡಿಸಿಕೊಂಡು, ತಮ್ಮ ಕಚೇರಿಯಿರುವ ದಿಕ್ಕಿಗೆ ಮುಖ ಮಾಡಿ ಕುಳಿತು ಬರೆಯುವ ಶರಣಾರ್ಥಿಗಳು. ಊರ ಚಾವಡಿಯ ಮುಂದೆ ಎರಡು ವರ್ಷಗಳಿಂದ ನಿಂತಿರುವ ನನ್ನ ಲಾರಿಯ ಬಾಗಿಲಿಗೆ ತಾವು ಅಂಟಿಸಿದ ನೋಟೀಸನ್ನು ಊರ ಲೆಕ್ಕ ಬರೆಯುವ ಪಟವಾರಿ ಆತ್ಮಾರಾಮರು ಉರ್ದುವಿನಲ್ಲಿ ಓದಿ, ಕನ್ನಡದಲ್ಲಿ ಬಿಡಿಸಿ ಹೇಳಿ, ಊರಿಗೆಲ್ಲ ಕೇಳುವಂತೆ ನಕ್ಕರು. ಅದೇ ಬಾಗಿಲಿಗೆ, ತಮ್ಮ ನೋಟೀಸಿನ ಕೆಳಗೆ, ಈ ಪತ್ರವನ್ನೂ ಅಂಟಿಸಿ ನಕಲನ್ನು ತಮಗೆ ಕಳಿಸುತ್ತಿದ್ದೇನೆ. ತಾವು ಕನ್ನಡ ಓದಲಾರಿರಿ ಎಂಬ ಧೈರ್ಯವೊಂದು ನನಗಿದೆ. ತರ್ಜುಮೆಯಲ್ಲಿ ಗೌರವದ ಮಾತುಗಳನ್ನಷ್ಟೇ ಉಳಿಸುವುದಾಗಿ ಆತ್ಮಾರಾಮರು ಮಾತು ಕೊಟ್ಟಿದ್ದಾರೆ.

ತಮ್ಮ ಹೊಸ ಕಾಯಿದೆಯನ್ನು ಎಷ್ಟು ಹೊಗಳಿದರೂ ಸಾಲದು. ಹದಿನೈದು ದಿನ ಅಲುಗದೆ ನಿಂತ ವಾಹನವನ್ನು ಒಡೆಯನು ಕೈಬಿಟ್ಟನೆಂದು ತಿಳಿದು ಸರ್ಕಾರವು ಜಪ್ತಿ ಮಾಡತಕ್ಕದ್ದು. ಅದು ಕೆಟ್ಟಿದೆಯೆಂದು ಕಚೇರಿಯು ಬರೆದು ಕೊಡುವವರೆಗೆ ಒಡೆಯನು ಅದನ್ನು ಯಾರಿಗೂ ಕೊಡಕೂಡದು. ಹಾಗೆ ಬರೆಸಿಕೊಳ್ಳಲು ಒಡೆಯನು ಕೆಟ್ಟ ವಾಹನವನ್ನು ಸ್ವತಃ ನಡೆಸಿಕೊಂಡು ಕಚೇರಿಗೆ ಬರತಕ್ಕದ್ದು. ಈ ಕೊನೆಯ ಮಾತನ್ನು ನಾನು ಆತ್ಮಾರಾಮರಿಂದ ಮೂರು ಸಲ ಓದಿಸಿದೆ, ಮೂರು ಸಲವೂ ಅದು ಹಾಗೆಯೇ ಇತ್ತು. ಸತ್ತವನು ಎದ್ದು ಬಂದು ತನ್ನ ಸಾವನ್ನು ತಾನೇ ಬರೆಸಬೇಕೆಂಬ ಕಾಯಿದೆ ಮನುಷ್ಯರಿಗೂ ಇದ್ದಿದ್ದರೆ ನಮ್ಮ ಊರಲ್ಲಿ ಯಾರೂ ಸಾಯುತ್ತಿರಲಿಲ್ಲ.

ಹಾಗೆಂದು ತಪ್ಪು ತಮ್ಮದಲ್ಲ, ಈ ಹೆಡ್ಡನದು. ನನ್ನ ಷಡ್ಡಕ ವೀರಪ್ಪನವರು ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಫರಸಿಕಲ್ಲಿನ ವ್ಯಾಪಾರಿಗಳು. ಹತ್ತು ವರ್ಷ ಕಲ್ಲು ಹೊತ್ತು ಸೊಂಟ ಮುರಿದುಕೊಂಡ ಲಾರಿಯನ್ನು ತೋರಿಸಿ, "ಎತ್ತಿಗಿ ದಿನಾ ಮೇವು ಹಾಕಬೇಕು, ಇದು ನಿಂತಾಗ ಏನೂ ತಿನ್ನಂಗಿಲ್ಲ ನೋಡ್ರಿ" ಎಂದರು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜಾತಿ ನನ್ನದು, ನಂಬಿದೆ. ಬಸವ ಮತ್ತು ಸರದಾರ ಎಂಬ ನನ್ನ ದೇವಣಿ ತಳಿಯ ಎತ್ತಿನ ಜೋಡಿಯನ್ನು ಕುರಿ ಸಾಕುವ ಬೀರಣ್ಣನಿಗೆ ಮಾರಿ ಲಾರಿ ತಂದೆ. ಜಹೀರಾಬಾದಿಗೆ ಮೂರು ಸಲ ಹೋಗಿ ಎರಡೂವರೆ ಸಲ ಹಿಂದಿರುಗಿ ಬಂದ ಆ ಲಾರಿ, ಉಳಿದರ್ಧ ದಾರಿ ಜನರಿಂದ ತಳ್ಳಿಸಿಕೊಂಡು ಬಂದು, ಚಾವಡಿಯ ಮುಂದೆ ಒಮ್ಮೆ ಕೆಮ್ಮಿ ಕಣ್ಣು ಮುಚ್ಚಿತು. ನಿಂತಾಗ ಅದು ಏನನ್ನೂ ತಿನ್ನುವುದಿಲ್ಲವೆಂಬ ಷಡ್ಡಕರ ಮಾತು ಮಾತ್ರ ಅಪ್ಪಟ ನಿಜ.

ಆ ಎತ್ತುಗಳನ್ನು ಕರುವಾಗಿದ್ದಾಗಿನಿಂದ ಸಾಕಿದವಳು ನನ್ನ ಹೆಂಡತಿ ಸುಮಿತ್ರಾಬಾಯಿ. ಮಾರಿದ ದಿನದಿಂದ ಅವಳು ನನ್ನೊಡನೆ ಮುಖ ಕೊಟ್ಟು ಮಾತಾಡಿಲ್ಲ. ಹೇಳುವುದಿದ್ದರೆ ಬೀಸುವ ಕಲ್ಲಿಗೆ ಹೇಳುತ್ತಾಳೆ, ನಾನು ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳುತ್ತೇನೆ. ಎಳ್ಳು ಅಮಾವಾಸ್ಯೆಯಾದ ಎಳ್ಳಮಾಸಿಯ ದಿನ ಭಜ್ಜಿ, ಕಡುಬು, ಅಂಬಲಿಯ ಗಡಿಗೆಗಳನ್ನು ಬಂಡಿಯಲ್ಲಿಟ್ಟುಕೊಂಡು ಹೊಲಕ್ಕೆ ಹೋಗಿ ಭೂಮ್ತಾಯಿಗೆ ಎಡೆಯ ಚರಗ ಚೆಲ್ಲುವುದು ನಮ್ಮ ಸೀಮೆಯ ಪದ್ಧತಿ, ಮತ್ತು ನಮ್ಮ ಊರಲ್ಲಿ ಮೊದಲು ಹೊರಡುವ ಬಂಡಿ ನಮ್ಮ ಮನೆಯದೇ ಆಗಿತ್ತು. ಕಳೆದ ಎರಡು ಎಳ್ಳಮಾಸಿಗೆ ಅವಳು ಗಡಿಗೆ ಹೊತ್ತು ನಡೆದಳು, ನಾನು ಹಿಂದೆ ಹಿಂದೆ ನಡೆದೆ. ಬಂಡಿಯಲ್ಲಿ ಹೋಗುವವರು, "ಯಾಕ್ರೀ ಅಪ್ಪಾರ, ಮೋಟಾರು ಇನ್ನೂ ಮಲಗ್ಯದೇನು?" ಎಂದು ಕೇಳಿದರು. ಅವಳು ಮನೆಗೆ ಬಂದು ಬೀಸುವ ಕಲ್ಲಿಗೆ, "ಎತ್ತು ಮಾರಿದವರ ಹೊಲದಾಗ ಭೂಮ್ತಾಯಿ ಉಣ್ತಾಳೇನವ್ವಾ?" ಎಂದಳು. ನಾನು ಕಲ್ಲಿನ ಸುತ್ತ ಚೆಲ್ಲಿದ ಹಿಟ್ಟನ್ನು ಬಳಿದೆ.

ಹೀಗಿರುವಾಗ ತಮ್ಮ ಆಜ್ಞೆಯನ್ನು ಪಾಲಿಸಲು, ಬೇರೆ ಗತಿಯಿಲ್ಲದೆ ಬೀರಣ್ಣನನ್ನೇ ಬೇಡಿಕೊಂಡು, ನಾನು ಮಾರಿದ ಎತ್ತುಗಳನ್ನೇ ನಾನು ಕೊಂಡ ಲಾರಿಗೆ ಹೂಡಿ, ಮೂರು ಹರದಾರಿ ಎಳೆಸಿಕೊಂಡು ಕಚೇರಿಗೆ ಬಂದೆ. ಲಾರಿಯೊಳಗೆ ಚಕ್ರ ಹಿಡಿದು ಕುಳಿತ ನನ್ನನ್ನು ಎಮ್ಮೆಗಳೂ ನಿಂತು ನೋಡಿದವು. ಮೋಟಾರಿನ ಗುಮಾಸ್ತರು ಹೊರಗೆ ಬಂದು, "ಎತ್ತು ಎಳದ್ರ ಬಂಡಿ ಆತು, ಬಂಡಿ ಗುಮಾಸ್ತರ ಕಡೆ ಹೋಗ್ರಿ" ಎಂದರು. ಬಂಡಿಯ ಗುಮಾಸ್ತರು ಗಾಲಿಗಳನ್ನು ಎರಡು ಸಲ ಎಣಿಸಿ, "ನಾಲ್ಕು ಗಾಲಿಯ ಬಂಡಿ ನಮ್ಮಲ್ಲಿಲ್ಲ" ಎಂದು ಹೇಳಿ, ಬಂಡಿಗೆ ನಂಬರ್ ಪಟ್ಟಿ ಇಲ್ಲವೆಂದು ಗದರಿಸಿದರು. ಕಚೇರಿಯ ಅಂಗಳದಲ್ಲಿ ಬಿಟ್ಟುಹೋಗುತ್ತೇನೆಂದರೆ, ಅಲ್ಲಿ ಕೆಟ್ಟ ವಾಹನ ನಿಲ್ಲಿಸಕೂಡದಂತೆ. ನಿಲ್ಲಿಸಿದರೆ ಲಾರಿ, ಎಳೆದರೆ ಬಂಡಿ, ಒಳಗೆ ಕುಳಿತವನು ಕತ್ತೆ ಎಂಬ ತೀರ್ಪನ್ನು ತಲೆಬಾಗಿ ಸ್ವೀಕರಿಸಿ ಹಿಂದಿರುಗಿದೆ.

ಆದರೆ ಸಾಹೇಬರೇ, ನಾನು ಈ ಪತ್ರ ಬರೆಯಲು ಕಾರಣ ಆಮೇಲೆ ನಡೆದದ್ದು. ಚಾವಡಿಯ ಮುಂದೆ ನೊಗ ಬಿಚ್ಚಿದ್ದೇ ತಡ, ಬಸವ ಮತ್ತು ಸರದಾರ ಬೀರಣ್ಣನ ಹಟ್ಟಿಯ ದಾರಿ ಹಿಡಿಯದೆ ನೇರ ನಮ್ಮ ಮನೆಗೆ ನಡೆದು, ಎರಡು ವರ್ಷದಿಂದ ಬರಿದಾಗಿದ್ದ ಮೇವಿನ ಗೋದಲಿಗೆ ಮುಖ ಇಟ್ಟು ನಿಂತವು. ಸುಮಿತ್ರಾಬಾಯಿ ಓಡಿ ಬಂದು ಎರಡರ ಕೊರಳನ್ನೂ ತಬ್ಬಿಕೊಂಡಳು. ನನಗೆ ಅಳು ಬಂತು. ಐವತ್ತು ದಾಟಿದವನು ಊರ ಮುಂದೆ ರುಮಾಲಿನ ಚುಂಗಿನಿಂದ ಮೂಗು ಒರೆಸಿಕೊಂಡೆನೆಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಬೀರಣ್ಣ ಅದನ್ನು ನೋಡಿ, "ಅಪ್ಪಾರ, ಆ ಡಬ್ಬಾ ನನಗ ಕೊಡ್ರಿ, ತೋಳದ ಕಾಟಕ್ಕ ಕುರಿಮರಿ ಮುಚ್ಚಾಕ ಭೇಷ್ ಆಗ್ತದ. ಎತ್ತು ನೀವೇ ಇಟ್ಕೋರಿ" ಎಂದ. ಅಂಥ ದೊಡ್ಡ ಮಾತನ್ನು ಅವನು ಬೀಡಿ ಕೇಳುವ ದನಿಯಲ್ಲಿ ಹೇಳಿದ. ಆದರೆ ಕಚೇರಿಯ ಕಾಗದವಿಲ್ಲದೆ ಲಾರಿಯನ್ನು ಕೊಟ್ಟರೆ ಇಬ್ಬರೂ ಕಟಕಟೆ ಹತ್ತಬೇಕೆಂದು ಆತ್ಮಾರಾಮರು ಎಚ್ಚರಿಸಿದ್ದರಿಂದ, ಎತ್ತುಗಳು ಮತ್ತೆ ಹಟ್ಟಿಗೆ ಹೋದವು. ಹೋಗುವಾಗ ಸರದಾರ ಎರಡು ಸಲ ಹಿಂದಿರುಗಿ ನೋಡಿತು.

ನೋಟೀಸಿನ ಹದಿನೈದು ದಿನಗಳಲ್ಲಿ ಹನ್ನೆರಡು ಮುಗಿದಿವೆ, ಎತ್ತು ಎಳೆದದ್ದು ಅಲುಗಿದ ಲೆಕ್ಕಕ್ಕೆ ಬಾರದಂತೆ. ಮೂರು ದಿನಕ್ಕೆ ಜಪ್ತಿ, ನಾಲ್ಕನೆಯ ದಿನಕ್ಕೆ ಎಳ್ಳಮಾಸಿ. ಲಾರಿ ಜಪ್ತಿಯಾದರೆ ಬೀರಣ್ಣನಿಗೆ ಕೊಡಲು ನನ್ನ ಹತ್ತಿರ ಏನೂ ಉಳಿಯದು, ಎತ್ತುಗಳು ಬಾರವು. ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಹಕೀಮರಿಂದ ನಾಡಿ ಹಿಡಿಸಿಯಾದರೂ ಸರಿ, ನನ್ನ ಲಾರಿ ಸತ್ತಿದೆಯೆಂದು ಒಂದು ಸಾಲು ಬರೆದು ಮೊಹರು ಒತ್ತಿ ಕೊಡಬೇಕು. ಜೊತೆಗೆ ಮನ್ಮಥಪ್ಪನಿಗೆ ಬುದ್ಧಿಯಿಲ್ಲವೆಂದು ಇನ್ನೊಂದು ಸಾಲನ್ನೂ ಸೇರಿಸಿದರೆ, ಅದನ್ನು ಚೌಕಟ್ಟು ಹಾಕಿಸಿ ಬೀಸುವ ಕಲ್ಲಿನ ಮೇಲಿನ ಗೋಡೆಗೆ ತೂಗುಹಾಕುತ್ತೇನೆ.

ಎರಡು ವರ್ಷದಿಂದ ನಿಂತಲ್ಲೇ ನಿಂತಿರುವ,
ತಮ್ಮ ವಿಶ್ವಾಸಿ,
ಮನ್ಮಥಪ್ಪ, ಹುಣಸಿಹಾಳ

ತಾಜಾಕಲಂ: ಮುಖ್ಯ ಮಾತೊಂದನ್ನು ಮರೆತಿದ್ದೆ. ಜಪ್ತಿಗೆ ಮುಂಚೆ ನನ್ನ ಲಾರಿಯನ್ನು ನೋಡಲು ಹೊರಟ ತಮ್ಮ ಕಚೇರಿಯ ಮೋಟಾರು ನಮ್ಮ ಹಳ್ಳದ ಕೆಸರಿನಲ್ಲಿ ಹೂತು ನಿಂತು ಇಂದಿಗೆ ಮೂರು ದಿನ. ತಮ್ಮ ಕಾಯಿದೆಯಂತೆ ಅದಕ್ಕೆ ಇನ್ನು ಹನ್ನೆರಡು ದಿನ ಉಳಿದಿವೆ. ಡ್ರೈವರ ಸಾಹೇಬರು ನಮ್ಮ ಮನೆಯಲ್ಲೇ ರೊಟ್ಟಿ ಉಂಡು ಸುಖವಾಗಿದ್ದಾರೆ, ಎತ್ತು ಕಳಿಸಿ ಎನ್ನುತ್ತಿದ್ದಾರೆ. ಎತ್ತು ಎಳೆದರೆ ಸಾಹೇಬರ ಮೋಟಾರೂ ಬಂಡಿಯಾಗಿಬಿಟ್ಟೀತು ಎಂದು ಬೀರಣ್ಣನಿಗೆ ಭಯ. ನಾನಾದರೂ ಅವನನ್ನು ಒಪ್ಪಿಸಿ ಕಳಿಸಿಯೇಬಿಡುತ್ತಿದ್ದೆ. ಆದರೆ ಇಂದು ಬೆಳಿಗ್ಗೆ ಸುಮಿತ್ರಾಬಾಯಿ ಬೀಸುವ ಕಲ್ಲು ಬಿಟ್ಟು ಎದ್ದು ಬಂದು, ಎರಡು ವರ್ಷದ ಮೇಲೆ ನನ್ನ ಮುಖ ನೋಡಿ ಹೇಳಿದಳು: "ಮೊದಲು ಕಾಗದಾ ಬರಲಿ, ಆಮ್ಯಾಲ ಎತ್ತು." ಇದನ್ನು ಮೀರುವ ಕಾಯಿದೆ ಸರ್ಕಾರದಲ್ಲಿ ಇದ್ದರೆ ತಿಳಿಸಬೇಕು.