ಆರು ಹೊಂಗೆಗಳ ಊರುಗೋಲು

ಕೆಲವರಿಗೆ ಉಪ್ಪಿನಕಾಯಿ ತಿಂದರೆ ಬಿ.ಪಿ. ಏರುತ್ತದೆ, ನನಗೆ ಅರೆಬರೆ ಕೆಲಸ ಕಂಡರೆ. ಬೇರೆಯವರ ಅರೆಬರೆ ಕೆಲಸ ಎಂದು ತಿದ್ದಿ ಓದಿಕೊಳ್ಳಿ. ನಮ್ಮ ಮನೆಯ ಅಟ್ಟದ ಮಾತು ಇಲ್ಲಿ ಬೇಡ.

ಮಧುಗಿರಿಯ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಮುಂಗಾರಿನ ಮೊದಲ ಮಳೆಗೆ ಕಂಟ್ರಾಕ್ಟರೊಬ್ಬ ಆರು ಹೊಂಗೆ ಸಸಿ ನೆಡಿಸಿದ. ನರ್ಸರಿಯ ಪ್ಲಾಸ್ಟಿಕ್ ಚೀಲವನ್ನೂ ಬಿಚ್ಚದೆ ಗೇಣುದ್ದದ ಗುಂಡಿಗೆ ಇಳಿಸಿ, ನೀಲಗಿರಿ ಗೂಟಕ್ಕೆ ಬುಡದಿಂದ ಕತ್ತಿನವರೆಗೂ ತಂತಿ ಬಿಗಿಸಿದ್ದ. ಕಳ್ಳನನ್ನೂ ಯಾರೂ ಹಾಗೆ ಕಟ್ಟುವುದಿಲ್ಲ. “ಏನ್ರೀ ಇದು? ತಿಂಗಳೊಳಗೆ ತಂತಿ ತೊಗಟೆ ಕೊಯ್ದು ಸತ್ತೇ ಹೋಗ್ತವೆ” ಎಂದೆ. “ಬಿಲ್ಲಿಗೆ ಫೋಟೋ ತಗ್ಯೋಗಂಟ ನೆಟ್ಟಗೆ ನಿಂತ್ರೆ ಸಾಕು ಬುಡಿ ಟೀಚರಮ್ಮ. ತಂತಿ ಬಿಚ್ಬುಟ್ರೆ ಆಷಾಢದ ಗಾಳಿಗೆ ಒಂದೂ ಉಳಿಯಾಕಿಲ್ಲ, ನೋಡ್ತಿರಿ” ಎಂದ.

ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಜೀವಶಾಸ್ತ್ರ ಹೇಳಿದವಳಿಗೆ ‘ನೋಡ್ತಿರಿ’ ಎನ್ನುವುದೆ? ಭಾನುವಾರ ಬೆಳಗ್ಗೆಯೇ ಸೆರಗು ಸಿಕ್ಕಿಸಿಕೊಂಡು ಹೋಗಿ ತಂತಿ ಕತ್ತರಿಸಿದೆ, ಚೀಲ ಸೀಳಿದೆ, ಗುಂಡಿ ಅಗಲ ಮಾಡಿ ಮತ್ತೆ ನೆಟ್ಟೆ. ಮಿಡಿಗೇಶಿಯ ರೈತರ ಮನೆಯವರಾದ ನಮ್ಮ ಅತ್ತೆ, ತಮ್ಮ ತವರಿನ ಹೊಲದ ಬದುವಿನಿಂದ ಗೊಬ್ಬರದ ಗಿಡದ, ಅಂದರೆ ಗ್ಲಿರಿಸಿಡಿಯಾದ, ಹಸಿ ಕೋಲು ತರಿಸಿಕೊಟ್ಟರು. ಸಸಿಯ ಆಚೆಗೊಂದು ಈಚೆಗೊಂದು ಕೋಲು ಊರಿ, ಯಜಮಾನರ ಹಳೇ ಪಂಚೆ ಹರಿದು ಸಡಿಲವಾಗಿ ಕಟ್ಟಿದೆ. ಗಾಳಿಗೆ ಒಂದಿಷ್ಟು ಓಲಾಡಿದರೇ ಬುಡ ಗಟ್ಟಿಯಾಗುವುದು ಎಂದು ವಾಕಿಂಗಿಗೆ ಬಂದವರಿಗೆಲ್ಲ ಬಿಟ್ಟಿ ಪಾಠವನ್ನೂ ಮಾಡಿದೆ. ಪಂಚೆ ಅಷ್ಟೇನೂ ಹಳೆಯದಾಗಿರಲಿಲ್ಲ ಎಂದು ಯಜಮಾನರು ಈಗಲೂ ಹೇಳುತ್ತಾರೆ.

ಆಷಾಢದ ಗಾಳಿಗೆ ಪಾರ್ಕಿನ ಬೋರ್ಡೇ ಹಾರಿಹೋಯಿತು. ನನ್ನ ಹೊಂಗೆಗಳು ಓಲಾಡಿದವು, ಒಂದೂ ಬೀಳಲಿಲ್ಲ. ನಾನು ಬೀದಿಯಲ್ಲಿ ಎದೆ ಸೆಟೆಸಿ ಓಡಾಡಿದೆ. ಶ್ರಾವಣದಲ್ಲಿ ನಾಲ್ಕು ಹನಿ ಬಿದ್ದದ್ದೇ ತಡ, ಕೋಲುಗಳೂ ಚಿಗುರಿದವು! ಆ ಗಿಡದ ಹಸಿ ಕೋಲು ಊರಿದರೆ ಬೇರು ಬಿಡುತ್ತದೆಂದು ನಮ್ಮ ಸೀಮೆಯ ಕುರಿಗೂ ಗೊತ್ತು. “ನಂಗೊತ್ತಿತ್ತು ಕಣಮ್ಮ. ನೀನು ಪಾಠ ಮಾಡ್ತಿದ್ದೆ, ಮಧ್ಯದಲ್ಲಿ ಹೆಂಗೆ ಬಾಯಿ ಹಾಕನ ಅಂತ ಸುಮ್ಕಿದ್ದೆ” ಎಂದರು ಅತ್ತೆ.

ದೀಪಾವಳಿಯ ಹೊತ್ತಿಗೆ ಹನ್ನೆರಡು ಕೋಲುಗಳೂ ಆಳೆತ್ತರ ಸೊಂಪಾಗಿ ನಿಂತವು. ಆಗಲೇ ಕಂಟ್ರಾಕ್ಟರು ಪುರಸಭೆಯ ಸಾಹೇಬರೊಬ್ಬರನ್ನು ತಪಾಸಣೆಗೆ ಕರೆತಂದ. “ಭೇಷ್! ಯಾರು ನೆಟ್ಟಿದ್ದು?” ಎಂದು ಸಾಹೇಬರು ಕೋಲನ್ನೇ ತಟ್ಟಿದರು. ಕಂಟ್ರಾಕ್ಟರು ನನ್ನ ಕಡೆ ನೋಡಿ ಹಲ್ಲು ಕಿರಿದ. ಅವನೆದುರು ನಾನೇಕೆ ಸೋಲಲಿ? “ನಾನೇ ಸಾರ್” ಎಂದೆ, ತಲೆ ಎತ್ತಿ. ಹೊಂಗೆಗಳನ್ನೂ ತೋರಿಸೋಣವೆಂದು ಸೊಪ್ಪು ಸರಿಸಿದೆ. ಸಾಹೇಬರು ಬಗ್ಗಿ ನೋಡಿದರು. “ಒಳಗಡೆ ಏನೋ ಕಳೆ ಬೆಳೆದಿದೆ, ಕೀಳಿಸಿಬಿಡಿ ಮೇಡಂ.”

ಕೀಳಿಸಲಿಲ್ಲ, ಕೀಳಿಸುವುದೂ ಇಲ್ಲ. ಕೋಲು ಕಿತ್ತರೆ ಹೊಂಗೆಯ ಬೇರೂ ಕಿತ್ತು ಬರುತ್ತದೆ, ಅದಕ್ಕೇ ಪ್ರತಿ ಭಾನುವಾರ ಕುಡುಗೋಲು ಹಿಡಿದು ಹೋಗಿ ಕೋಲುಗಳ ಸೊಪ್ಪು ಸವರುತ್ತೇನೆ. ಕಂಟ್ರಾಕ್ಟರನಿಂದ ಉಳಿಸಿದ ಹೊಂಗೆಗಳನ್ನು ಈಗ ನನ್ನಿಂದ ಉಳಿಸುತ್ತಿದ್ದೇನೆ.