ಮಲಗೋ ಕೋಣೆಗೆ ಕಿಟಕಿ ಇಟ್ಟಿದ್ದು

ಹಳೇ ಮನೆಗೆ ಕೈ ಹಾಕಿದವರು ನಗೋ ಸಂಗತಿ ಹುಡುಕಿಕೊಂಡು ಹೋಗಬೇಕಿಲ್ಲ. ಅವೇ ಬರ್ತವೆ. ನಮ್ಮ ಮನೆಗೂ ಬಂದವು. ನನ್ನ ಹೆಂಡತಿ ಇವನ್ನ ಚೆನ್ನಾಗಿ ಹೇಳೋಳು. ಹೋದ ಬ್ಯಾಸಿಗೇಲಿ ತೀರಿಕೊಂಡಳು. ನನಗೆ ಓದು ಕಮ್ಮಿ, ಮಾತೂ ಕಮ್ಮಿ. ಆದರೂ ಬರೀತೀನಿ. ಅವಳು ಮಾಡಿಸಿದ ಕೆಲಸ, ನಾಲ್ಕು ಜನಕ್ಕೆ ಗೊತ್ತಾಗಲಿ.

ಹಗೇವು

ದಾವಣಗೆರೆ ಹಳೇ ಪೇಟೇಲಿ ನಮ್ಮದು ಮಣ್ಣಿನ ಮಾಳಿಗೆ ಮನೆ. ಮಲಗೋ ಕೋಣೆಗೆ ಕಿಟಕಿ ಇರಲಿಲ್ಲ. ಹಿಂದಿನವರು ಕಳ್ಳರಿಗೆ ಹೆದರಿ ಕಟ್ಟಿದ್ದು. ಕಳ್ಳರೂ ಬರಲಿಲ್ಲ, ಗಾಳೀನೂ ಬರಲಿಲ್ಲ. ನಾನು ಹತ್ತಿ ಮಿಲ್ಲಿನಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು, ಹಗಲೆಲ್ಲ ಅದರೊಳಗೆ ಬೆವೆತುಕೊಂಡು ಮಲಗ್ತಿದ್ದೆ.

ಹೆಂಡತಿ ಚೊಚ್ಚಲ ಹೆರಿಗೆಗೆ ಹರಿಹರಕ್ಕೆ ತವರಿಗೆ ಹೋದಳು. ಹೊಳೆ ದಂಡೆ ಮನೆ, ಕೂತಲ್ಲಿ ಗಾಳಿ. ಗಂಡು ಕೂಸು ಆಯ್ತು. ನೋಡೋಕೆ ಹೋದೆ. ಯಾವಾಗ ಬರ್ತೀಯ ಅಂದೆ.

"ಆ ಕೋಣೆಗೆ ಗಾಳಿ ಬಂದ ದಿನ ನಾನೂ ಕೂಸೂ ಬರ್ತೀವಿ. ಅಲ್ಲೀಗಂಟ ಇಲ್ಲೇ."

"ನಮ್ಮವ್ವ ಅದೇ ಕೋಣ್ಯಾಗೆ ನನ್ನ ಬೆಳೆಸ್ಯಾಳೆ. ನನಗೇನಾಗೈತೆ?"

ಅವಳು ನನ್ನ ಮುಖ ನೋಡಿದಳು. ಆಮೇಲೆ ಅಂದಳು:

"ನೆಲದಾಗಿನ ಹಗೇವಿನಿಂದ ಜೋಳ ತೆಗೆಯೋಕೂ ಮೊದಲು ಬಾಯಿ ತೆರೆದು ಗಾಳಿ ಆಡಿಸ್ತೀರಿ, ಆಮೇಲೆ ಇಳೀತೀರಿ. ನನ್ನ ಮಾತ್ರ ಹಂಗೇ ಇಳಿಸ್ತೀರಿ. ಜೋಳಕ್ಕಿರೋ ಮರ್ಯಾದೆ ನನಗಿಲ್ಲೇನ್ರಿ?"

ಮೆಣಸಿನಕಾಯಿ

ಅವ್ವ ಗೋಡೆ ಮುಟ್ಟೋಕೆ ಬಿಡಲಿಲ್ಲ. "ನನ್ನ ಹೆಣ ದಾಟಿ ಒಡಿ" ಅಂದಳು. ಗಾಳಿ ತಾನೆ, ಮ್ಯಾಲಿಂದ ಬರಲಿ ಅಂತ ಮಾಳಿಗೆಗೆ ಬೆಳಕಿಂಡಿ ಕೊರೆಸಿದೆ.

ನಮ್ಮ ಓಣಿಯ ಮಾಳಿಗೆಗಳು ಒಂದಕ್ಕೊಂದು ಅಂಟಿಕೊಂಡೇ ಇವೆ. ಯಾರ ಮನೆ ಮೇಲೆ ಯಾರು ಬೇಕಾದರೂ ಓಡಾಡಬಹುದು. ಪಕ್ಕದ ಮನೆ ಅಕ್ಕ ನಮ್ಮ ಮಾಳಿಗೆ ಮೇಲೆ ಒಣಮೆಣಸಿನಕಾಯಿ ಹರವಿ ಕೆದಕುತ್ತಿದ್ದಳು. ಬೀಜ, ಘಾಟು ಎಲ್ಲ ಬೆಳಕಿಂಡಿಯಿಂದ ಇಳಿದು ನನ್ನ ಮೂಗಿಗೆ. ಎದ್ದು ಕೂತು ಸೀನಿದೆ. ಮತ್ತೆ ಸೀನಿದೆ. ಮ್ಯಾಲೆ ಅಕ್ಕನ ಮುಖ ಕಾಣಿಸ್ತು.

"ಅಕ್ಕಾ, ಕೆಳಗೆ ಮನುಷ್ಯ ಮಲಗ್ಯಾನೆ!"

"ಗೊತ್ತಾತು ಬಿಡಪ್ಪ. ಒಂಚೂರು ಮೆಲ್ಲಗೆ ಸೀನು. ಬೀಜ ಹಾರ್ತವೆ."

ಪಿ.ಜೆ. ಬಡಾವಣೆ

ಘಾಟು ಅವ್ವನ ಮೂಗಿಗೂ ತಟ್ಟಿತ್ತು. ಗೋಡೆ ಒಡೆಯೋಕೆ ಗೊಣಗಿಕೊಂಡೇ ಒಪ್ಪಿದಳು. ಬಡಗಿ ಸಾಬರನ್ನ ಕೇಳಿದೆ.

"ಎಂಥಾದ್ದು ಬೇಕು ಭಾಯಿ? ಎತ್ತರಕ್ಕೋ, ತಗ್ಗಿಗೋ? ಪಿ.ಜೆ. ಬಡಾವಣೇಲಿ ಹೊಸಾ ಮನೆ ಬಂದವೆ. ಹೋಗಿ ನೋಡ್ಕೊಂಡು ಬಾ" ಅಂದರು.

ಹೋದೆ. ಒಂದು ಮನೆ ಮುಂದೆ ನಿಂತು ನೋಡಿದೆ. ನನ್ನದು ನೋಡೋದೂ ನಿಧಾನ. ಮನೆ ಯಜಮಾನರು ಹೊರಗೆ ಬಂದರು.

"ಏನಯ್ಯ ನೋಡ್ತಿದೀಯ?"

"ನೀವು ಮಲಗೋ ಕೋಣೆ" ಅಂದೆ. 'ಕಿಟಕಿ' ಅನ್ನೋದು ಇನ್ನೂ ಬಾಯಲ್ಲೇ ಇತ್ತು. ಅವರ ಕೈ ನನ್ನ ಕೊರಳಪಟ್ಟಿಗೆ ಬಂತು.

"ಹೆಂಡತಿ ಕಳಿಸ್ಯಾಳ್ರಿ! ಕಿಟಕಿ ಇಡಿಸಬೇಕಂತ್ರಿ!"

ಒಳಗಿಂದ ಅವರ ಹೆಂಡತಿ ಬಂದರು. ಎಲ್ಲ ಕೇಳಿದರು. ಒಳಗೆ ಕರೆದು, ಒಂದೊಂದೇ ಕಿಟಕಿ ತೆಗೆದು ತೋರಿಸಿ, ಕಾಫಿ ಕೊಟ್ಟರು. ಆಮೇಲೆ ಗಂಡನ ಕಡೆ ತಿರುಗಿ, "ಹೆಂಡತಿ ಮಾತು ಕೇಳೋ ಗಂಡಸರೂ ಇರ್ತಾರೆ. ನೋಡ್ಕೊಳ್ರಿ" ಅಂದರು.

ಯಜಮಾನರಿಗೆ ಮತ್ತೆ ನನ್ನ ಕೊರಳಪಟ್ಟಿ ಹಿಡಿಯೋ ಮನಸ್ಸಾಗಿದ್ದು ಮುಖದಲ್ಲೇ ಕಾಣ್ತಿತ್ತು.

ಬಂದ ನೆಂಟ

ನೋಡಿದ್ದೆಲ್ಲ ಹರಿಹರಕ್ಕೆ ಹೋಗಿ ಹೇಳಿದೆ. ಅವಳು ಕೂಸಿಗೆ ಹಾಲು ಕುಡಿಸ್ತಾನೇ ತೀರ್ಮಾನ ಮಾಡಿದಳು. ಓಣಿ ಕಡೆ ಗೋಡೆಗೆ, ಮಲಗಿದವರ ಎದೆಮಟ್ಟಕ್ಕೆ ಕಿಟಕಿ. ಮರದ ಸರಳು. ಬೆಳಕಿಂಡಿ ಮುಚ್ಚೋ ಹಾಗಿಲ್ಲ. ಮೆಣಸಿನಕಾಯಿಗೆ ಅಡ್ಡ ಅದರ ಮೇಲೆ ತಗಡಿನ ಟೊಪ್ಪಿಗೆ.

"ಎರಡು ಯಾಕೆ?" ಅಂದೆ.

"ಬಂದ ಗಾಳಿ ಹೋಗೋಕೂ ದಾರಿ ಬೇಕಲ್ರಿ. ಬಂದ ನೆಂಟ ಹೋಗದೆ ಕೂತ್ರೆ ಮನೆ ಹೆಂಗಿರ್ತತೆ?"

ನಾನು ನಾಳೆ ಹೋದರಾಯ್ತು ಅಂತಿದ್ದೆ. ಸಂಜೆ ಗಾಡಿಗೇ ಹೊರಟೆ.

ಅವಳು ಹೇಳಿದಂಗೇ ಮಾಡಿಸಿದೆ. ಕೆಳಗಿಂದ ತಂಪು ಬಂತು, ಮ್ಯಾಲಿಂದ ಧಗೆ ಹೋಯ್ತು. ಓಣಿಯವರು ಬಂದು ಕೈಯೊಡ್ಡಿ ನೋಡಿದರು. "ಯಾರ ಲೆಕ್ಕಾಚಾರ?" ಅಂದರೆ "ನಮ್ಮ ಮನೆಯವಳದು" ಅಂತಿದ್ದೆ. ಮಿಲ್ಲಿನಲ್ಲೂ ಹೇಳಿದೆ. ಕೇಳದವರಿಗೂ ಹೇಳಿದೆ.

ಕಂಬಳಿ

ಅವಳು ಕೂಸಿನ ಜೊತೆ ಬಂದಳು. ಹೊಸ್ತಿಲು ದಾಟಿ ನೋಡಿದರೆ ಕಿಟಕಿಗೆ ಕಂಬಳಿ ತುರುಕಿತ್ತು. ಬೆಳಕಿಂಡಿ ಮೇಲೆ ಚಪ್ಪಡಿ. ಅವ್ವನ ಕೆಲಸ.

"ಬಾಣಂತಿಗೆ ಗಾಳಿ ಸೋಕಬಾರದು" ಅಂದಳು ಅವ್ವ. ಅವಳ ಲೆಕ್ಕದಲ್ಲಿ ಕೂಸಿಗೆ ಹಲ್ಲು ಬರೋಗಂಟ ಬಾಣಂತಿ ಬಾಣಂತಿಯೇ.

ಹೆಂಡತಿ ಕೈಲಿ ಗಂಟು ಹಂಗೇ ಇತ್ತು. ತಿರುಗಿ ಸ್ಟೇಷನ್ನಿಗೆ ನಡೆದಳು ಅಂತಲೇ ತಿಳಿದೆ. ಅವಳು ಗಂಟು ಕೆಳಗಿಟ್ಟಳು.

"ನೀವು ಹೇಳೋದು ಖರೆ ಅತ್ತೆ. ಕೂಸಿಗೆ ಬೆಚ್ಚಗೈತೋ ಇಲ್ಲೋ, ನೀವೇ ಒಂದು ಗಳಿಗೆ ಒಳಗೆ ಮಲಗಿ ನೋಡ್ರಿ."

ಅವ್ವ ಹೋದಳು. ಹೆಂಡತಿ ಬಾಣಂತಿ ಕೋಣೆ ಅಂತ ಸಾಂಬ್ರಾಣಿ ಹೊಗೆಯನ್ನೂ ಹಾಕಿ ಬಾಗಿಲು ಮುಂದಕ್ಕೆಳೆದಳು. ಒಳಗೆ ಕೆಮ್ಮು ಶುರುವಾಯ್ತು. ದೊಡ್ಡದಾಯ್ತು. ಕಿಟಕಿ ಸರಳಿನ ಸಂದಿಯಿಂದ ಕಂಬಳಿ ಓಣಿಗೆ ಬಿತ್ತು. ನಾವು ಒಳಗೆ ಹೋದಾಗ ಅವ್ವ ಕಿಟಕಿ ಪಕ್ಕ ಕಾಲು ಚಾಚಿ ಮಲಗಿದ್ದಳು.

"ಅತ್ತೆ, ಗಾಳಿ ಸೋಕಬಾರದು ಅಂದ್ರಿ?"

"ಬಾಣಂತಿಗೆ ಅಂದೆ. ನಾನೇನು ಬಾಣಂತೀನಾ? ನೀವು ಆ ಮೂಲೇಲಿ ಮಲಗ್ರಿ."

ಅವತ್ತಿನಿಂದ ಆ ಜಾಗ ಅವ್ವನದು.

ಮಾತಾಡಿಸೋಕೆ ಬಂದವರು

ಹೋದ ಬ್ಯಾಸಿಗೇಲಿ ಹೆಂಡತಿ ತೀರಿಕೊಂಡಾಗ ನೆಂಟರು ಮಾತಾಡಿಸೋಕೆ ಬಂದರು. ಕಡು ಬಿಸಿಲು. ಎಲ್ಲರೂ ಅದೇ ಕೋಣೇಲಿ ಕೂತರು. ಹೊರಗೆ ಕೂತವರೂ ಒಂದು ನೆಪ ಮಾಡಿ ಒಳಗೆ ಬಂದರು. ಗಾಳಿ ಹಂಗಿತ್ತು.

ಅವ್ವ ಕಿಟಕಿ ಕೆಳಗೆ ಕೂತು, ಕಣ್ಣು ಒರೆಸಿಕೊಂಡು ಹೇಳಿದಳು: "ಈ ಕಿಟಕಿ ನನ್ನ ಸೊಸೆ ಇಡಿಸಿದ್ದು. ಇವನು ಬ್ಯಾಡ ಅಂತ ಹಟ ಹಿಡಿದಿದ್ದ. ನಾನೇ ಬೈದು ಗೋಡೆ ಒಡೆಸಿದೆ."

ನಾನು ಎದ್ದು ನಿಂತೆ. ಇಲ್ಲ ಅನ್ನೋಕೆ ಬಾಯಿ ತೆರೆದೆ. ಕಣ್ಣು ಬಾಗಿಲ ಕಡೆ ಹೋಯ್ತು. ಇಂಥ ಮಾತಿಗೆ ಅವಳು ಅಲ್ಲೇ ನಿಂತು, ಸೆರಗು ಬಾಯಿಗೆ ಒತ್ತಿ ನಗೋಳು. ಕಿಟಕಿ ಮುಂದೆ ಹಂಗೇ ನಿಂತೆ.

ಅವ್ವ ಕೈ ಬೀಸಿದಳು.

"ಸರಿಯೋ ಅತ್ತ! ಇನ್ನೂ ಗಾಳಿಗೆ ಅಡ್ಡ ನಿಂತೀಯಲ್ಲ!"